ಕಿಮೋ ನಂತರದ ನಾಲ್ಕು ದಿನ: ವಾಂತಿ ತಡೆಯುವ ಔಷಧಗಳ ಒಂದು ತುಲನೆ

ಕಿಮೋಥೆರಪಿ ಪಡೆಯುವ ರೋಗಿಯನ್ನು ಕಾಡುವ ತೊಂದರೆಗಳಲ್ಲಿ ವಾಕರಿಕೆ ಮತ್ತು ವಾಂತಿಗಳು ಸಾಮಾನ್ಯವಾಗಿ ಪ್ರಾಣಕ್ಕೆ ನೇರವಾಗಿ ಎರವಾಗುವಂಥವಲ್ಲವಾದರೂ, ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟುಬಿಡುವಂತೆ ಮಾಡುವ ಶಕ್ತಿ ಅವುಗಳಿಗಿದೆ. ಸಿಸ್ಪ್ಲಾಟಿನ್ ಎಂಬ, ಪ್ಲಾಟಿನಂ ಲೋಹದಿಂದ ತಯಾರಾದ ಔಷಧಕ್ಕೆ 1978ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರೆತಾಗ ಅದು ವೃಷಣದ ಕ್ಯಾನ್ಸರನ್ನು ಗುಣಪಡಿಸಬಲ್ಲದೆಂಬುದು ವೈದ್ಯರಿಗೆ ಗೊತ್ತಾಗಿತ್ತು. ಆದರೆ ಅದನ್ನು ಪಡೆದವರಲ್ಲಿ ಬಹುತೇಕ ಎಲ್ಲರೂ ದಿನಕ್ಕೆ ಹಲವಾರು ಸಲ ವಾಂತಿ ಮಾಡಿಕೊಂಡು ಬಸವಳಿಯುತ್ತಿದ್ದರಿಂದ, ಬದುಕುವ ಅವಕಾಶವಿದ್ದರೂ ಮುಂದಿನ ಸರದಿಗೆ ಬರಲೊಪ್ಪದವರು ಇದ್ದರು. ಆ ಕಾಲಕ್ಕೂ ಇಂದಿಗೂ ಇರುವ ಅಂತರ ದೊಡ್ಡದು. ಸರಿಯಾದ ಔಷಧಗಳನ್ನು ಸರಿಯಾದ ಹೊತ್ತಿಗೆ ಕೊಟ್ಟರೆ ಅತಿ ತೀವ್ರವಾದ ಕಿಮೋ ಪಡೆಯುವವರಲ್ಲೂ ಹೆಚ್ಚಿನವರಿಗೆ ವಾಂತಿಯಾಗದಂತೆ ತಡೆಯಬಹುದು. ಹೀಗಿದ್ದೂ ವಾಂತಿಯಾಗುವುದು ಕಿಮೋದ ಸಹಜ ಗುಣವೆಂದೂ ಅದನ್ನು ಸಹಿಸಿಕೊಳ್ಳಲೇಬೇಕೆಂದೂ ತಿಳಿದಿರುವ ಕುಟುಂಬಗಳು ಇಂದಿಗೂ ಬಹಳ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ರೋಗಿಗಳ ಪಾಲಿಗೆ ಈ ವಿಷಯಕ್ಕೆ ವಿಶೇಷವಾದ ಮಹತ್ವವಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಈಚಿನ ವರ್ಷಗಳಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ಸ್ವತಂತ್ರ ತಾಲ್ಲೂಕಾಯಿತು. ಈ ಹಳೆಯ ಸಂಬಂಧಗಳು ಚಿಕಿತ್ಸೆಯ ದಾರಿಯಲ್ಲೂ ಉಳಿದಿವೆ: ಹೊನ್ನಾಳಿ, ನ್ಯಾಮತಿಗಳ ಜನ ಶಿವಮೊಗ್ಗದ ಕಡೆಗೂ, ಜಗಳೂರಿನವರು ದಾವಣಗೆರೆ ಇಲ್ಲವೆ ಚಿತ್ರದುರ್ಗದ ಕಡೆಗೂ ಹೋಗುವುದುಂಟು, ಕಾಯಿಲೆ ಜಟಿಲವಾದಾಗ ಎಲ್ಲರ ದಾರಿಯೂ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗಳನ್ನೇ ಮುಟ್ಟುತ್ತದೆ. ಯಾವ ದಿಕ್ಕಿಗೆ ಹೋದರೂ ಕ್ರಮ ಒಂದೇ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ, ಕೆಲವು ಗಂಟೆಗಳ ಕಾಲ ಡ್ರಿಪ್ ಹಾಕಿಸಿಕೊಂಡು, ಮಾತ್ರೆಗಳ ಚೀಟಿ ಹಿಡಿದು ಸಂಜೆಯ ಬಸ್ಸಿಗೆ ಊರಿಗೆ ಮರಳುವುದು. ವಾಕರಿಕೆಯ ಬಹುಪಾಲು ಕಾಣಿಸಿಕೊಳ್ಳುವುದು ಆ ನಂತರ, ಆಸ್ಪತ್ರೆಯ ಕಣ್ಣಿಗೆ ಬೀಳದ ದಿನಗಳಲ್ಲಿ. ಆದ್ದರಿಂದ ವಾಂತಿ ತಡೆಯುವ ಔಷಧಗಳನ್ನು ತೂಗಿನೋಡುವಾಗ ಆಸ್ಪತ್ರೆಯಲ್ಲಿ ಕಳೆಯುವ ಕೆಲವು ಗಂಟೆಗಳಿಗಿಂತ ಮನೆಯಲ್ಲಿ ಕಳೆಯುವ ಮುಂದಿನ ನಾಲ್ಕು ದಿನಗಳ ಲೆಕ್ಕವೇ ಮುಖ್ಯವಾಗಬೇಕು.

ವಾಂತಿ ಹೊಟ್ಟೆಯಲ್ಲಿ ಹುಟ್ಟುತ್ತದೆಂಬುದು ಸಾಮಾನ್ಯ ತಿಳಿವಳಿಕೆಯಾದರೂ ಅದರ ಆಜ್ಞೆ ಹೊರಡುವುದು ಮಿದುಳಿನ ಕೆಳಭಾಗದಿಂದ. ಕಿಮೋ ಔಷಧವು ರಕ್ತದಲ್ಲಿ ಹರಿದು ಸಣ್ಣ ಕರುಳಿನ ಒಳಪದರವನ್ನು ಘಾಸಿಗೊಳಿಸಿದಾಗ ಅಲ್ಲಿರುವ ವಿಶೇಷ ಜೀವಕೋಶಗಳು ಸೆರೊಟೋನಿನ್ ಎಂಬ ರಾಸಾಯನಿಕವನ್ನು ಒಮ್ಮೆಲೇ ಹೊರಬಿಡುತ್ತವೆ. ದೇಹದ ಸೆರೊಟೋನಿನ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಇರುವುದು ಕರುಳಿನಲ್ಲೇ. ಅದು ಕರುಳಿನಿಂದ ಮಿದುಳಿಗೆ ಹೋಗುವ ವೇಗಸ್ ನರದ ತುದಿಗಳಲ್ಲಿರುವ ಗ್ರಾಹಕಗಳಿಗೆ, ಅಂದರೆ ಆ ರಾಸಾಯನಿಕವನ್ನು ಮಾತ್ರ ಗುರುತಿಸಿ ಅಂಟಿಸಿಕೊಳ್ಳುವ ತಾಣಗಳಿಗೆ, ಕೂಡಿಕೊಂಡು ಸಂಕೇತ ಕಳುಹಿಸುತ್ತದೆ. ಮೊದಲ 24 ಗಂಟೆಗಳೊಳಗೆ ಬರುವ ವಾಂತಿಗೆ ಮುಖ್ಯ ಕಾರಣ ಇದು. ವೈದ್ಯಶಾಸ್ತ್ರ ಇದನ್ನು ತತ್‌ಕ್ಷಣದ ಹಂತವೆಂದು ಕರೆಯುತ್ತದೆ. ಎರಡನೆಯ ದಿನದಿಂದ ಐದನೆಯ ದಿನದವರೆಗೆ ಬರುವುದು ವಿಳಂಬಿತ ಹಂತ. ಇದರಲ್ಲಿ ಸೆರೊಟೋನಿನ್ನಿನ ಪಾತ್ರ ಕಡಿಮೆಯಾಗಿ, ಮಿದುಳಿನೊಳಗೆ ಕೆಲಸ ಮಾಡುವ ಸಬ್‌ಸ್ಟೆನ್ಸ್ ಪಿ ಎಂಬ ಮತ್ತೊಂದು ರಾಸಾಯನಿಕ ಮುಂದೆ ಬರುತ್ತದೆ. ಡೋಪಮಿನ್, ಹಿಸ್ಟಮಿನ್ ಮುಂತಾದವುಗಳೂ ಬೇರೆಬೇರೆ ಪ್ರಮಾಣದಲ್ಲಿ ಕೈಜೋಡಿಸುತ್ತವೆ. ಇಷ್ಟೊಂದು ದಾರಿಗಳಿರುವುದರಿಂದಲೇ ಒಂದೇ ಮಾತ್ರೆ ಎಲ್ಲವನ್ನೂ ತಡೆಯಲಾರದು. ತುಲನೆ ಮಾಡುವಾಗ ಯಾವುದು ಹೆಚ್ಚು ಬಲಶಾಲಿ ಎಂದು ಕೇಳುವ ಮುನ್ನ ಯಾವುದು ಯಾವ ದಾರಿಯನ್ನು ಮುಚ್ಚುತ್ತದೆ ಎಂದು ಕೇಳಬೇಕಾಗುತ್ತದೆ.

ಕಿಮೋ ಔಷಧಗಳೆಲ್ಲ ಒಂದೇ ಪ್ರಮಾಣದಲ್ಲಿ ವಾಂತಿ ತರಿಸುವುದಿಲ್ಲ. ತಡೆಮದ್ದು ಕೊಡದಿದ್ದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ವಾಂತಿ ಉಂಟುಮಾಡುವವು ಅತಿ ತೀವ್ರ ವರ್ಗಕ್ಕೂ, ಮೂವತ್ತರಿಂದ ತೊಂಬತ್ತು ಮಂದಿಗೆ ಉಂಟುಮಾಡುವವು ಮಧ್ಯಮ ವರ್ಗಕ್ಕೂ, ಹತ್ತರಿಂದ ಮೂವತ್ತು ಮಂದಿಗೆ ಉಂಟುಮಾಡುವವು ಅಲ್ಪ ವರ್ಗಕ್ಕೂ, ಅದಕ್ಕಿಂತ ಕಡಿಮೆಯವು ಕನಿಷ್ಠ ವರ್ಗಕ್ಕೂ ಸೇರುತ್ತವೆ. ಸಿಸ್ಪ್ಲಾಟಿನ್ ಅತಿ ತೀವ್ರ ವರ್ಗದ್ದು. ಸ್ತನ ಕ್ಯಾನ್ಸರಿಗೆ ಕೊಡುವ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್‌ಗಳ ಜೋಡಿಯೂ ಅದೇ ವರ್ಗಕ್ಕೆ ಸೇರುತ್ತದೆ. ಕರುಳಿನ ಕ್ಯಾನ್ಸರಿಗೆ ಬಳಸುವ ಆಕ್ಸಾಲಿಪ್ಲಾಟಿನ್ ಮಧ್ಯಮ, ಪ್ಯಾಕ್ಲಿಟ್ಯಾಕ್ಸೆಲ್ ಅಲ್ಪ, ವಿನ್‌ಕ್ರಿಸ್ಟಿನ್ ಕನಿಷ್ಠ. ಒಂದೇ ಊರಿನ ಇಬ್ಬರಿಗೆ ಒಂದೇ ಕಾಯಿಲೆ ಬಂದು, ಒಬ್ಬರಿಗೆ ಏನೂ ಆಗದೆ ಇನ್ನೊಬ್ಬರು ವಾಂತಿಯಿಂದ ಹಾಸಿಗೆ ಹಿಡಿದರೆ ಅದಕ್ಕೆ ಗಟ್ಟಿತನದ ವ್ಯತ್ಯಾಸ ಕಾರಣವೆಂದು ತಿಳಿಯುವುದು ತಪ್ಪು. ಅವರ ಬಾಟಲಿಗಳಲ್ಲಿದ್ದ ಔಷಧಗಳು ಬೇರೆಯಾಗಿರಬಹುದು. ರೋಗಿಯ ದೇಹಪ್ರಕೃತಿಗೂ ಒಂದು ಪಾತ್ರವಿದೆ. ಗಂಡಸರಿಗಿಂತ ಹೆಂಗಸರಿಗೆ, ಹಿರಿಯರಿಗಿಂತ ಕಿರಿಯರಿಗೆ, ಬಸ್ ಪ್ರಯಾಣದಲ್ಲಿ ವಾಂತಿಯಾಗುವವರಿಗೆ, ಬಸಿರಿನಲ್ಲಿ ಹೆಚ್ಚು ವಾಂತಿ ಅನುಭವಿಸಿದವರಿಗೆ ಕಿಮೋದ ವಾಕರಿಕೆಯೂ ಹೆಚ್ಚು. ಮೊದಲ ಭೇಟಿಯಲ್ಲಿಯೇ ಈ ಸಂಗತಿಗಳನ್ನು ವೈದ್ಯರಿಗೆ ಹೇಳಿದರೆ ಔಷಧದ ಆಯ್ಕೆ ಸುಲಭವಾಗುತ್ತದೆ.

ಸಿಸ್ಪ್ಲಾಟಿನ್ನಿನ ಮಾತು ಈ ಸೀಮೆಯಲ್ಲಿ ಮತ್ತೆಮತ್ತೆ ಬರುವುದಕ್ಕೆ ಕಾರಣವಿದೆ. ಬಾಯಿ, ಗಂಟಲುಗಳ ಕ್ಯಾನ್ಸರಿಗೂ ಗರ್ಭಕೊರಳಿನ ಕ್ಯಾನ್ಸರಿಗೂ ವಿಕಿರಣ ಚಿಕಿತ್ಸೆಯೊಡನೆ ಕೊಡುವ ಪ್ರಮುಖ ಔಷಧ ಅದೇ. ಚನ್ನಗಿರಿ ಅಡಿಕೆಯ ನಾಡು. ಅಲ್ಲಿನ ಸಾವಿರಾರು ಕುಟುಂಬಗಳ ಜೀವನಾಧಾರ ಅಡಿಕೆ ತೋಟ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ತನ್ನ ಸಂಪುಟದಲ್ಲಿ ಅಡಿಕೆ ಜಗಿಯುವುದನ್ನು, ತಂಬಾಕು ಬೆರೆಸದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಅಂಶಗಳ ಪಟ್ಟಿಗೆ ಸೇರಿಸಿದ್ದು ಬೆಳೆಗಾರರಿಗೆ ನೋವಿನ ವಿಷಯವಾಗಿರುವುದು ಸಹಜ. ಆ ಚರ್ಚೆ ಬೇರೆಯದೇ ಆದರೂ, ಅಡಿಕೆ ಮತ್ತು ತಂಬಾಕು ಜಗಿಯುವ ರೂಢಿಯಿರುವ ಕಡೆಗಳಲ್ಲಿ ಬಾಯಿ ಕ್ಯಾನ್ಸರ್ ಸಾಮಾನ್ಯವೆಂಬುದೂ, ಆ ರೋಗಿಗಳಲ್ಲಿ ಅನೇಕರಿಗೆ ಅತ್ಯಂತ ವಾಂತಿಕಾರಕವಾದ ಔಷಧವೇ ಬೇಕಾಗುತ್ತದೆಂಬುದೂ ಇಲ್ಲಿ ನೆನಪಿಡಬೇಕಾದ ಮಾತು. ಮೇಲಾಗಿ ಸಿಸ್ಪ್ಲಾಟಿನ್ ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು. ವಾಂತಿಯಿಂದ ದೇಹದ ನೀರು ಬತ್ತಿದರೆ ಆ ಹಾನಿ ಹೆಚ್ಚುತ್ತದೆ. ಹಾಗಾಗಿ ಈ ಔಷಧ ಪಡೆಯುವವರಲ್ಲಿ ವಾಂತಿ ತಡೆಯುವುದು ಕೇವಲ ನೆಮ್ಮದಿಯ ಪ್ರಶ್ನೆಯಲ್ಲ.

ವಾಂತಿ ತಡೆಯುವ ಹಳೆಯ ಔಷಧಗಳಲ್ಲಿ ಒಂದು ಮೆಟೊಕ್ಲೊಪ್ರಮೈಡ್. ಡೋಪಮಿನ್ನಿನ ದಾರಿಯನ್ನು ಮುಚ್ಚುವ ಈ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಸಿಸ್ಪ್ಲಾಟಿನ್ನಿನ ವಾಂತಿಯನ್ನೂ ತಗ್ಗಿಸಬಹುದೆಂದು ಅಮೆರಿಕದ ವೈದ್ಯ ರಿಚರ್ಡ್ ಗ್ರಾಲ್ಲಾ ಮತ್ತು ಸಂಗಡಿಗರು 1981ರಲ್ಲಿ ತೋರಿಸಿದರು. ಆದರೆ ಅಷ್ಟು ಪ್ರಮಾಣದಲ್ಲಿ ಅದು ಕೆಲವರಲ್ಲಿ, ವಿಶೇಷವಾಗಿ ಹರೆಯದವರಲ್ಲಿ, ಕುತ್ತಿಗೆ ಸೆಟೆಯುವುದು, ದವಡೆ ಬಿಗಿಯುವುದು, ಕಾಲು ಒಂದೆಡೆ ನಿಲ್ಲದಂಥ ಚಡಪಡಿಕೆ ಮುಂತಾದವನ್ನು ಉಂಟುಮಾಡುತ್ತಿತ್ತು. ಹೆಚ್ಚಿನ ಪ್ರಮಾಣದ ಮೆಟೊಕ್ಲೊಪ್ರಮೈಡ್ ಸೆರೊಟೋನಿನ್ನಿನ ಒಂದು ಗ್ರಾಹಕವನ್ನೂ ತಡೆಯುತ್ತದೆಂಬ ಸುಳಿವೇ ಮುಂದಿನ ಔಷಧಗಳಿಗೆ ದಾರಿ ತೋರಿಸಿತು. ಇಂದು ಅದರ ಸ್ಥಾನ ಬೇರೆ: ಮೊದಲ ಸಾಲಿನ ತಡೆಮದ್ದುಗಳನ್ನು ಕೊಟ್ಟ ಮೇಲೂ ವಾಕರಿಕೆ ಉಳಿದಾಗ ಕಡಿಮೆ ಪ್ರಮಾಣದಲ್ಲಿ ಕೆಲವು ದಿನಗಳ ಮಟ್ಟಿಗೆ ಬಳಸುವ ಬದಲಿ ಔಷಧಗಳಲ್ಲಿ ಅದೂ ಒಂದು.

1991ರಲ್ಲಿ ಅಮೆರಿಕದಲ್ಲಿ ಮಂಜೂರಾದ ಆಂಡಾನ್‌ಸೆಟ್ರಾನ್, ಸೆರೊಟೋನಿನ್ ಗ್ರಾಹಕವನ್ನಷ್ಟೇ ಆರಿಸಿ ಮುಚ್ಚುವ ಔಷಧ. ಹಳ್ಳಿಯ ಮೆಡಿಕಲ್ ಶಾಪುಗಳಲ್ಲೂ ಎಮೆಸೆಟ್ ಮುಂತಾದ ಹೆಸರುಗಳಲ್ಲಿ ಸಿಗುವ, ಕೆಲವೇ ರೂಪಾಯಿ ಬೆಲೆಯ ಮಾತ್ರೆ ಇದು. ನಂತರ ಬಂದ ಗ್ರಾನಿಸೆಟ್ರಾನ್ ಕೆಲಸದಲ್ಲಿ ಹೆಚ್ಚುಕಡಿಮೆ ಇದಕ್ಕೆ ಸಮ. ಬಾಯಿಯ ಮೂಲಕ ಕೊಟ್ಟರೂ ರಕ್ತನಾಳದ ಮೂಲಕ ಕೊಟ್ಟರೂ ಈ ಗುಂಪಿನ ಔಷಧಗಳ ಪರಿಣಾಮದಲ್ಲಿ ಗಮನಾರ್ಹ ವ್ಯತ್ಯಾಸವಿಲ್ಲವಾದ್ದರಿಂದ, ಇಂಜೆಕ್ಷನ್ ಮಾತ್ರ ಕೆಲಸ ಮಾಡುತ್ತದೆ, ಮಾತ್ರೆ ಸಾಲದು ಎಂಬ ಗ್ರಾಮೀಣ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ಆಂಡಾನ್‌ಸೆಟ್ರಾನ್‌ನ ಮಿತಿ ಬೇರೆ ಕಡೆ ಇದೆ. ಅದು ಮೊದಲ ದಿನದ ವಾಂತಿಯನ್ನು ಚೆನ್ನಾಗಿ ತಡೆಯುತ್ತದೆ. ವಿಳಂಬಿತ ಹಂತದಲ್ಲಿ ಅದರ ಬಲ ಕುಗ್ಗುತ್ತದೆ, ಏಕೆಂದರೆ ಆಗ ಕೆಲಸ ಮಾಡುತ್ತಿರುವುದು ಬೇರೆ ರಾಸಾಯನಿಕ. ಮೂರನೆಯ ದಿನ ವಾಕರಿಕೆ ಹೆಚ್ಚಿತೆಂದು ಅದೇ ಮಾತ್ರೆಯನ್ನು ಮತ್ತೆಮತ್ತೆ ನುಂಗಿದರೆ ಪ್ರಯೋಜನಕ್ಕಿಂತ ತಲೆನೋವು ಮತ್ತು ಮಲಬದ್ಧತೆಗಳೇ ಹೆಚ್ಚಾಗುತ್ತವೆ. ಮಲಬದ್ಧತೆಯಿಂದ ಹೊಟ್ಟೆ ತೊಳಸುವುದು ಮತ್ತಷ್ಟು ಜಾಸ್ತಿಯಾಗಿ, ಔಷಧವೇ ತೊಂದರೆಯ ಮೂಲವಾಗುತ್ತದೆ. ಹೃದಯದ ಬಡಿತದ ಲಯವನ್ನು ಅದು ಏರುಪೇರು ಮಾಡಬಹುದೆಂದು ಕಂಡುಬಂದದ್ದರಿಂದ 32 ಮಿಲಿಗ್ರಾಂಗಳ ಒಂದೇ ದೊಡ್ಡ ಇಂಜೆಕ್ಷನ್ನನ್ನು ಅಮೆರಿಕದಲ್ಲಿ 2012ರಲ್ಲಿ ಕೈಬಿಡಲಾಯಿತು. ಈಗ ರಕ್ತನಾಳಕ್ಕೆ ಒಂದು ಸಲಕ್ಕೆ 16 ಮಿಲಿಗ್ರಾಂ ಮೀರಿ ಕೊಡುವುದಿಲ್ಲ.

ಇದೇ ಗುಂಪಿನ ಪ್ಯಾಲೊನೊಸೆಟ್ರಾನ್ 2003ರಲ್ಲಿ ಬಂದಿತು. ಆಂಡಾನ್‌ಸೆಟ್ರಾನ್‌ನ ಅರ್ಧಪಾಲು ಕೆಲವೇ ಗಂಟೆಗಳಲ್ಲಿ ರಕ್ತದಿಂದ ಇಲ್ಲವಾದರೆ, ಪ್ಯಾಲೊನೊಸೆಟ್ರಾನ್ ಅದೇ ಮಟ್ಟಕ್ಕೆ ಇಳಿಯಲು ಸುಮಾರು 40 ಗಂಟೆಗಳು ಬೇಕು. ಜಪಾನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಡೆಕ್ಸಾಮೆಥಸೋನ್ ಜೊತೆಗೆ ಕೊಟ್ಟಾಗ, ಮೊದಲ ದಿನ ಪ್ಯಾಲೊನೊಸೆಟ್ರಾನ್ ಮತ್ತು ಗ್ರಾನಿಸೆಟ್ರಾನ್ ಬಹುತೇಕ ಸಮವಾಗಿದ್ದವು; ವಿಳಂಬಿತ ಹಂತದಲ್ಲಿ ಮಾತ್ರ ಮೊದಲನೆಯದರಿಂದ ಶೇ 57ರಷ್ಟು ಮಂದಿಯೂ ಎರಡನೆಯದರಿಂದ ಶೇ 45ರಷ್ಟು ಮಂದಿಯೂ ವಾಂತಿಯಿಲ್ಲದೆ, ಹೆಚ್ಚುವರಿ ಔಷಧದ ಅಗತ್ಯವಿಲ್ಲದೆ ದಿನ ಕಳೆದರು. ಆಸ್ಪತ್ರೆಯಲ್ಲಿ ಒಮ್ಮೆ ಚುಚ್ಚಿಸಿಕೊಂಡರೆ ಮರುದಿನದವರೆಗೂ ಅದರ ಕಾವಲಿರುವುದರಿಂದ, ಊರಿಗೆ ಮರಳಿ ಮಾತ್ರೆಗಳ ಲೆಕ್ಕ ಇಡಲಾರದ ವಯಸ್ಸಾದವರಿಗೆ ಇದು ಉತ್ತಮ ಆಯ್ಕೆಯೆನ್ನಬಹುದು.

ಡೆಕ್ಸಾಮೆಥಸೋನ್ ಒಂದು ಸ್ಟಿರಾಯ್ಡ್. ವಾಂತಿಯನ್ನು ಅದು ಹೇಗೆ ತಡೆಯುತ್ತದೆಂಬುದು ಪೂರ್ತಿ ಬಿಡಿಸಿ ಹೇಳಲಾಗದ ವಿಷಯವಾದರೂ, ಬೇರೆ ಯಾವ ತಡೆಮದ್ದಿನ ಜೊತೆ ಸೇರಿಸಿದರೂ ಅದರ ಬಲವನ್ನು ಹೆಚ್ಚಿಸುತ್ತದೆಂಬುದು ಅನೇಕ ಅಧ್ಯಯನಗಳಿಂದ ದೃಢಪಟ್ಟಿದೆ. ಎರಡೂ ಹಂತಗಳಲ್ಲಿ ಕೆಲಸ ಮಾಡುವುದು ಅದರ ಹೆಚ್ಚುಗಾರಿಕೆ, ಬೆಲೆಯೂ ಅತ್ಯಲ್ಪ. ಆದರೆ ಸಕ್ಕರೆ ಕಾಯಿಲೆಯವರಲ್ಲಿ ಅದು ರಕ್ತದ ಸಕ್ಕರೆಯನ್ನು ಗಣನೀಯವಾಗಿ ಏರಿಸುತ್ತದೆ, ನಿದ್ದೆ ಕೆಡಿಸುತ್ತದೆ, ಹೊಟ್ಟೆಯುರಿ ತರುತ್ತದೆ. ಬೆಳಿಗ್ಗೆ ತಿಂಡಿಯ ನಂತರ ತೆಗೆದುಕೊಂಡರೆ ನಿದ್ದೆಯ ತೊಂದರೆ ಕಡಿಮೆ. ಮಧುಮೇಹಿಗಳು ಕಿಮೋ ದಿನಗಳಲ್ಲಿ ಸಕ್ಕರೆ ಪರೀಕ್ಷೆಯನ್ನು ಹೆಚ್ಚು ಸಲ ಮಾಡಿಸಿಕೊಳ್ಳಬೇಕಾಗುತ್ತದೆ, ಇನ್ಸುಲಿನ್ ಪ್ರಮಾಣವನ್ನು ವೈದ್ಯರು ಬದಲಾಯಿಸಬೇಕಾಗಬಹುದು. ಸ್ಟಿರಾಯ್ಡ್ ಎಂಬ ಹೆಸರಿಗೆ ಹೆದರಿ ಮನೆಯಲ್ಲಿ ಅದನ್ನೊಂದು ಪಕ್ಕಕ್ಕಿಡುವುದು ಮಾತ್ರ ಸರಿಯಲ್ಲ. ಮೂರು ನಾಲ್ಕು ದಿನಗಳ ಬಳಕೆ ವರ್ಷಗಟ್ಟಲೆ ಸ್ಟಿರಾಯ್ಡ್ ನುಂಗುವುದಕ್ಕೆ ಸಮವಲ್ಲ.

ವಿಳಂಬಿತ ಹಂತದ ಬಾಗಿಲು ಮುಚ್ಚಿದ ಮೊದಲ ಔಷಧವೆಂದರೆ ಅಪ್ರೆಪಿಟಂಟ್. ಸಬ್‌ಸ್ಟೆನ್ಸ್ ಪಿ ಅನ್ನು 1931ರಲ್ಲಿಯೇ ಫಾನ್ ಆಯ್ಲರ್ ಮತ್ತು ಗ್ಯಾಡಮ್ ಎಂಬ ವಿಜ್ಞಾನಿಗಳು ಕಂಡುಹಿಡಿದಿದ್ದರೂ, ಅದರ ಗ್ರಾಹಕವನ್ನು ಮುಚ್ಚುವ ಔಷಧ ರೋಗಿಗಳನ್ನು ತಲುಪಲು 2003ರವರೆಗೆ ಕಾಯಬೇಕಾಯಿತು. ಸಿಸ್ಪ್ಲಾಟಿನ್ ಪಡೆಯುವವರಿಗೆ ಆಂಡಾನ್‌ಸೆಟ್ರಾನ್ ಮತ್ತು ಡೆಕ್ಸಾಮೆಥಸೋನ್‌ಗಳ ಜೊತೆಗೆ ಇದನ್ನು ಸೇರಿಸಿದಾಗ, ಐದೂ ದಿನ ವಾಂತಿಯಿಲ್ಲದೆ, ಹೆಚ್ಚುವರಿ ಔಷಧದ ಅಗತ್ಯವಿಲ್ಲದೆ ಕಳೆದವರ ಪ್ರಮಾಣ ಶೇ 52ರಿಂದ ಶೇ 73ಕ್ಕೆ ಏರಿತೆಂದು ಆ ವರ್ಷ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮೊದಲ ದಿನ 125 ಮಿಲಿಗ್ರಾಂ, ನಂತರದ ಎರಡು ದಿನ 80 ಮಿಲಿಗ್ರಾಂನಂತೆ ಕ್ಯಾಪ್ಸೂಲ್‌ಗಳ ರೂಪದಲ್ಲಿ ಇದನ್ನು ಕೊಡುತ್ತಾರೆ. ಫಾಸ್‌ಅಪ್ರೆಪಿಟಂಟ್ ಎಂಬ ಇಂಜೆಕ್ಷನ್ ರೂಪವನ್ನು ಮೊದಲ ದಿನ ಒಮ್ಮೆ ಕೊಟ್ಟರೆ ಸಾಕು. ನೆಟುಪಿಟಂಟ್ ಎಂಬ ಇದೇ ಜಾತಿಯ ಔಷಧವನ್ನು ಪ್ಯಾಲೊನೊಸೆಟ್ರಾನ್ ಜೊತೆ ಒಂದೇ ಕ್ಯಾಪ್ಸೂಲಿನಲ್ಲಿ ಸೇರಿಸಿದ ತಯಾರಿಕೆ 2014ರಲ್ಲಿ ಬಂದಿದೆ. ಅಪ್ರೆಪಿಟಂಟ್ ಯಕೃತ್ತಿನಲ್ಲಿ ಡೆಕ್ಸಾಮೆಥಸೋನ್ ಕರಗುವ ವೇಗವನ್ನು ತಗ್ಗಿಸುವುದರಿಂದ ಸ್ಟಿರಾಯ್ಡಿನ ಪ್ರಮಾಣವನ್ನು ಇಳಿಸಬೇಕಾಗುತ್ತದೆ; ರಕ್ತ ತೆಳುವಾಗಿಸುವ ವಾರ್ಫರಿನ್ ಮುಂತಾದ ಔಷಧಗಳನ್ನು ತೆಗೆದುಕೊಳ್ಳುವವರು ಅದನ್ನು ಮೊದಲೇ ತಿಳಿಸಬೇಕು. ಇದರ ದೊಡ್ಡ ಅಡ್ಡಿ ಬೆಲೆ. ಕಂಪನಿಯಿಂದ ಕಂಪನಿಗೆ ದರ ಬಹಳ ವ್ಯತ್ಯಾಸವಾಗುವ ಮೂರು ಕ್ಯಾಪ್ಸೂಲ್‌ಗಳ ಪೊಟ್ಟಣಕ್ಕೆ ಪ್ರತಿ ಸರದಿಗೂ ನೂರಾರು ರೂಪಾಯಿ ತೆರಬೇಕಾಗುವುದು, ಆರು ಸರದಿಯ ಚಿಕಿತ್ಸೆಯಲ್ಲಿ, ಜಗಳೂರಿನ ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳ ಬೆಳೆಯುವ ಕುಟುಂಬಕ್ಕಾಗಲಿ ಕೂಲಿಯವರಿಗಾಗಲಿ ಹಗುರವಾದ ಮಾತಲ್ಲ.

ಈ ಹಿನ್ನೆಲೆಯಲ್ಲಿ ಒಲಾಂಜಪೈನ್ ಎಂಬ ಔಷಧದ ಕಥೆ ತುಂಬ ಮುಖ್ಯವಾದದ್ದು, ಮತ್ತು ಅದರಲ್ಲಿ ಕರ್ನಾಟಕದ ಪಾಲೂ ಇದೆ. ಒಲಾಂಜಪೈನ್ ಮೂಲತಃ ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆಗಳಿಗೆ ಬಳಸುವ ಔಷಧ. ಅದು ಡೋಪಮಿನ್, ಸೆರೊಟೋನಿನ್, ಹಿಸ್ಟಮಿನ್ ಮೊದಲಾದವುಗಳ ಹಲವು ಗ್ರಾಹಕಗಳನ್ನು ಒಟ್ಟಿಗೇ ತಡೆಯುತ್ತದೆಂಬುದನ್ನು ಗಮನಿಸಿದ ಅಮೆರಿಕದ ವೈದ್ಯ ರುಡಾಲ್ಫ್ ನವಾರಿ, ವಾಂತಿಯ ಅನೇಕ ದಾರಿಗಳನ್ನು ಒಂದೇ ಮಾತ್ರೆಯಿಂದ ಮುಚ್ಚಬಹುದೇ ಎಂದು ಪರೀಕ್ಷಿಸಿದರು. 2011ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಅಪ್ರೆಪಿಟಂಟ್ ಮತ್ತು ಒಲಾಂಜಪೈನ್‌ಗಳನ್ನು ನೇರವಾಗಿ ಹೋಲಿಸಿದಾಗ ವಾಂತಿ ತಡೆಯುವುದರಲ್ಲಿ ಎರಡೂ ಸರಿಸುಮಾರು ಸಮವಾಗಿದ್ದವು. ಆದರೆ ವಿಳಂಬಿತ ಹಂತದಲ್ಲಿ ವಾಕರಿಕೆಯೇ ಇಲ್ಲದವರು ಒಲಾಂಜಪೈನ್ ಗುಂಪಿನಲ್ಲಿ ಶೇ 69 ಇದ್ದರೆ ಅಪ್ರೆಪಿಟಂಟ್ ಗುಂಪಿನಲ್ಲಿ ಶೇ 38 ಮಾತ್ರ ಇದ್ದರು. ವಾಂತಿಯನ್ನು ಎಣಿಸಬಹುದು, ಪಕ್ಕದಲ್ಲಿರುವವರು ನೋಡಬಹುದು; ವಾಕರಿಕೆ ರೋಗಿಗೆ ಮಾತ್ರ ತಿಳಿಯುವ ಸಂಕಟ. ಹಳೆಯ ಔಷಧಗಳು ವಾಂತಿಯನ್ನು ತಡೆದಷ್ಟು ಸಮರ್ಥವಾಗಿ ವಾಕರಿಕೆಯನ್ನು ತಡೆಯಲಿಲ್ಲವೆಂಬುದು, ಊಟದ ತಟ್ಟೆಯನ್ನು ಕಂಡರಾಗದೆ ತೂಕ ಕಳೆದುಕೊಳ್ಳುವ ರೋಗಿಗಳ ಮಟ್ಟಿಗೆ ದೊಡ್ಡ ಕೊರತೆಯೇ ಆಗಿತ್ತು.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ವೈದ್ಯರು ಅತಿ ತೀವ್ರ ಕಿಮೋ ಪಡೆಯುವ ರೋಗಿಗಳಲ್ಲಿ ಇದೇ ಎರಡು ಔಷಧಗಳನ್ನು ಇತರ ತಡೆಮದ್ದುಗಳ ಜೊತೆ ಕೊಟ್ಟು ತುಲನೆ ಮಾಡಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರಿಣಾಮದ ಜೊತೆಗೆ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ಆ ಅಧ್ಯಯನದ ವೈಶಿಷ್ಟ್ಯ. ಸರ್ಕಾರಿ ಆಸ್ಪತ್ರೆಯೊಂದರ ವೈದ್ಯರು ಕೇಳಲೇಬೇಕಾದ ಪ್ರಶ್ನೆ ಅದು. ಒಲಾಂಜಪೈನ್ ಅಪ್ರೆಪಿಟಂಟ್‌ಗೆ ಸರಿಸಾಟಿಯಾಗಿ ಕೆಲಸ ಮಾಡುತ್ತದೆ, ಖರ್ಚು ಬಹಳ ಕಡಿಮೆ ಎಂಬುದು ಅವರು ಕಂಡುಕೊಂಡ ಸಂಗತಿ. ಅದು ಸಣ್ಣ ಪ್ರಮಾಣದ ಅಧ್ಯಯನವಾಗಿದ್ದರೂ ಬೇರೆಡೆಯ ದೊಡ್ಡ ಅಧ್ಯಯನಗಳು ಅದೇ ದಿಕ್ಕಿನಲ್ಲಿ ಬಂದವು. ಅದೇ ವರ್ಷ ನವಾರಿ ಮತ್ತು ಸಂಗಡಿಗರು 380 ರೋಗಿಗಳಲ್ಲಿ, ಅಪ್ರೆಪಿಟಂಟ್ ಸೇರಿದ ಮೂರು ಔಷಧಗಳ ಮೇಲೆ ನಾಲ್ಕನೆಯದಾಗಿ 10 ಮಿಲಿಗ್ರಾಂ ಒಲಾಂಜಪೈನ್ ಕೊಟ್ಟು ನೋಡಿದಾಗ, ಮೊದಲ ದಿನ ವಾಕರಿಕೆಯಿಲ್ಲದವರ ಪ್ರಮಾಣ ಶೇ 45ರಿಂದ 74ಕ್ಕೂ, ನಂತರದ ದಿನಗಳಲ್ಲಿ ಶೇ 25ರಿಂದ 42ಕ್ಕೂ ಏರಿತು. ಅಂದಿನಿಂದ ಅತಿ ತೀವ್ರ ಕಿಮೋಗೆ ನಾಲ್ಕು ಔಷಧಗಳ ಕೂಟವೇ ಜಗತ್ತಿನ ಪ್ರಮುಖ ಮಾರ್ಗದರ್ಶಿಗಳ ಶಿಫಾರಸಾಗಿದೆ.

ಒಲಾಂಜಪೈನ್‌ನ ದೋಷವೆಂದರೆ ಮಂಪರು. 10 ಮಿಲಿಗ್ರಾಂ ನುಂಗಿದ ರೋಗಿ ಮರುದಿನ ಏಳಲಾರದೆ ಮಲಗಿಬಿಡುವುದನ್ನು ಕಂಡು ಮನೆಯವರು ಗಾಬರಿಯಾಗುವುದುಂಟು. ವಯಸ್ಸಾದವರು ರಾತ್ರಿ ಎದ್ದಾಗ ತಲೆಸುತ್ತಿ ಬೀಳುವ ಅಪಾಯವೂ ಇದೆ. ಈ ಸಮಸ್ಯೆಗೆ ಪರಿಹಾರ ಏಷ್ಯಾದಿಂದಲೇ ಬಂದಿತು. 2020ರಲ್ಲಿ ಪ್ರಕಟವಾದ, 710 ರೋಗಿಗಳ ಜಪಾನಿನ ಅಧ್ಯಯನವು 5 ಮಿಲಿಗ್ರಾಂ ಸಾಕೆಂದು ತೋರಿಸಿತು. ಮುಂಬಯಿಯ ಟಾಟಾ ಮೆಮೋರಿಯಲ್ ಕೇಂದ್ರದ ವೈದ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2.5 ಮಿಲಿಗ್ರಾಂ ಮತ್ತು 10 ಮಿಲಿಗ್ರಾಂಗಳನ್ನು ಹೋಲಿಸಿ 2024ರಲ್ಲಿ ವರದಿ ಮಾಡಿದರು: ವಾಂತಿಯೂ ಇಲ್ಲದೆ ಗಣನೀಯ ವಾಕರಿಕೆಯೂ ಇಲ್ಲದೆ ಐದು ದಿನ ಕಳೆದವರು ಕಡಿಮೆ ಪ್ರಮಾಣದ ಗುಂಪಿನಲ್ಲಿ ಶೇ 45, ಹೆಚ್ಚಿನ ಪ್ರಮಾಣದ ಗುಂಪಿನಲ್ಲಿ ಶೇ 44, ಮೊದಲ ದಿನದ ತೀವ್ರ ಮಂಪರು ಮಾತ್ರ ಶೇ 40ರಿಂದ ಶೇ 5ಕ್ಕೆ ಇಳಿದಿತ್ತು. ಕಾಲು ಪಾಲು ಔಷಧದಿಂದ ಅದೇ ಫಲ ದೊರೆಯುವುದೆಂದರೆ ಬಡ ರೋಗಿಯ ಪಾಲಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಈ ಕ್ಷೇತ್ರದಲ್ಲಿ ಬಹುಕಾಲದಿಂದ ಬಂದಿರಲಿಲ್ಲ. ಯಾವ ಪ್ರಮಾಣ ಯಾರಿಗೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಮಾತ್ರೆಯನ್ನು ರಾತ್ರಿ ಮಲಗುವ ಮುಂಚೆ ನುಂಗುವುದು ಲೇಸು, ಅದರ ಜೊತೆಗೆ ಮದ್ಯಪಾನವಾಗಲಿ ವೈದ್ಯರು ಹೇಳದ ನಿದ್ದೆಮಾತ್ರೆಯಾಗಲಿ ಕೂಡದು. ಮೆಟೊಕ್ಲೊಪ್ರಮೈಡ್ ಕೂಡ ಡೋಪಮಿನ್ನನ್ನೇ ತಡೆಯುವುದರಿಂದ ಎರಡನ್ನೂ ಒಟ್ಟಿಗೆ ಬಳಸುವುದು ಸರಿಯಲ್ಲ. ಇಲ್ಲೊಂದು ಮಾತನ್ನು ವಿಶೇಷವಾಗಿ ಹೇಳಬೇಕು. ಔಷಧದಂಗಡಿಯಲ್ಲಿಯೋ ಮೊಬೈಲಿನಲ್ಲಿಯೋ ಇದು ಹುಚ್ಚಿಗೆ ಕೊಡುವ ಮಾತ್ರೆಯೆಂದು ತಿಳಿದು, ಆಸ್ಪತ್ರೆಯವರು ತಪ್ಪು ಮಾಡಿರಬೇಕೆಂದು ಅದನ್ನು ನಿಲ್ಲಿಸಿಬಿಡುವ ಸಂಭವವಿದೆ. ನಾಲ್ಕು ದಿನಗಳ ಮಟ್ಟಿಗೆ ವಾಂತಿ ತಡೆಯಲು ಕೊಟ್ಟ ಔಷಧ ಅದೆಂಬುದನ್ನು ವೈದ್ಯರೂ ದಾದಿಯರೂ ಬಾಯಿಬಿಟ್ಟು ವಿವರಿಸುವುದು ಅಗತ್ಯ.

ಮನೆಯ ದಿನಗಳಿಗೆ ಮರಳುವುದಾದರೆ, ಸೈಕ್ಲೊಫಾಸ್ಫಮೈಡ್‌ನಿಂದಾಗುವ ವಾಂತಿ ಔಷಧ ಹರಿದ ಎಂಟು ಹತ್ತು ಗಂಟೆಗಳ ನಂತರ ಆರಂಭವಾಗಬಹುದು. ಸಿಸ್ಪ್ಲಾಟಿನ್ನಿನ ವಿಳಂಬಿತ ವಾಂತಿ ಎರಡನೆಯ ಮೂರನೆಯ ದಿನಗಳಲ್ಲಿ ತುದಿ ಮುಟ್ಟುತ್ತದೆ. ಆಸ್ಪತ್ರೆಯಿಂದ ಹೊರಡುವಾಗ ಚೆನ್ನಾಗಿದ್ದ ರೋಗಿ ಮಾತ್ರೆ ಬೇಡವೆಂದುಕೊಂಡು ಚೀಟಿಯನ್ನು ಜೇಬಿನಲ್ಲೇ ಉಳಿಸಿಕೊಂಡರೆ, ನಡುರಾತ್ರಿ ಊರಿನಲ್ಲಿ ಅದನ್ನು ಕೊಳ್ಳಲು ಅಂಗಡಿ ತೆರೆದಿರುವುದಿಲ್ಲ. ಈ ಔಷಧಗಳು ತಡೆಯಲು ಸಮರ್ಥವೇ ಹೊರತು ಒಮ್ಮೆ ಶುರುವಾದ ವಾಂತಿಯನ್ನು ನಿಲ್ಲಿಸುವುದರಲ್ಲಿ ಅಷ್ಟು ಸಮರ್ಥವಲ್ಲ. ಮೊದಲ ಸರದಿಯಲ್ಲಿ ವಾಂತಿ ಕೈಮೀರಿದರೆ ಇನ್ನೊಂದು ತೊಡಕು ಹುಟ್ಟುತ್ತದೆ: ಮುಂದಿನ ಸಲ ಆಸ್ಪತ್ರೆಯ ವಾಸನೆ ಬಂದರೆ, ಸೂಜಿ ಕಂಡರೆ ಸಾಕು, ಔಷಧ ಹರಿಯುವ ಮೊದಲೇ ಹೊಟ್ಟೆ ತೊಳಸತೊಡಗುತ್ತದೆ. ಮನಸ್ಸು ಕಲಿತುಕೊಂಡ ಈ ನಿರೀಕ್ಷಣಾ ವಾಕರಿಕೆಗೆ ಲೊರಾಜೆಪಾಮ್‌ನಂಥ ಆತಂಕ ತಗ್ಗಿಸುವ ಮಾತ್ರೆಗಳು ಸ್ವಲ್ಪ ಮಟ್ಟಿಗೆ ಸಹಾಯ ಮಾಡುತ್ತವೆ. ಅದು ಹುಟ್ಟದಂತೆ ಮೊದಲ ಸರದಿಯಿಂದಲೇ ಪೂರ್ಣ ತಡೆಮದ್ದು ಪಡೆಯುವುದೇ ನಿಜವಾದ ಪರಿಹಾರ.

ಶುಂಠಿಯ ಬಗ್ಗೆ ಕೇಳದ ಮನೆಯಿಲ್ಲ. ಅಮೆರಿಕದಲ್ಲಿ 576 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂದಿನ ತಡೆಮದ್ದುಗಳ ಜೊತೆ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿ ತೆಗೆದುಕೊಂಡವರಲ್ಲಿ ಮೊದಲ ದಿನದ ವಾಕರಿಕೆ ಕಡಿಮೆಯಾಗಿತ್ತು. ಇತರ ಅಧ್ಯಯನಗಳ ಫಲಿತಾಂಶ ಒಂದೇ ಬಗೆಯಾಗಿಲ್ಲ. ಮಜ್ಜಿಗೆಗೋ ಗಂಜಿಗೋ ಸ್ವಲ್ಪ ಶುಂಠಿ ಹಾಕಿಕೊಳ್ಳಲು ಅಡ್ಡಿಯಿಲ್ಲ, ಮಾತ್ರೆಗಳ ಬದಲಿಗೆ ಶುಂಠಿ ಕಷಾಯ ಕುಡಿಯುವುದು ಮಾತ್ರ ಸಲ್ಲದು. ಪ್ಲೇಟ್‌ಲೆಟ್ ಕಡಿಮೆಯಾದವರು ವೈದ್ಯರನ್ನು ಕೇಳಿಯೇ ಅದನ್ನು ಹೆಚ್ಚಾಗಿ ಬಳಸಬೇಕು. ಒಗ್ಗರಣೆಯ ಘಾಟು ತಾಗದಂತೆ ರೋಗಿಯನ್ನು ಅಡುಗೆಮನೆಯಿಂದ ದೂರವಿಡುವುದು, ಬಿಸಿ ಊಟಕ್ಕಿಂತ ಆರಿದ್ದನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡುವುದು, ನೀರು, ಎಳನೀರು, ರಾಗಿ ಅಂಬಲಿಗಳನ್ನು ಗುಟುಕುಗುಟುಕಾಗಿ ಕುಡಿಸುವುದು ಉಪಯುಕ್ತ. ಒಂದು ಹಗಲು ಪೂರ್ತಿ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬಿ ಮಲ ನಿಂತುಹೋದರೆ, ಅಥವಾ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮುಂದಿನ ಸರದಿಯವರೆಗೆ ಕಾಯದೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಕಿಮೋ ಚೀಟಿಯೊಡನೆ ಹೋಗಬೇಕು. ಆ ಚೀಟಿಯಿಲ್ಲದಿದ್ದರೆ ಅಲ್ಲಿನ ವೈದ್ಯರಿಗೆ ಯಾವ ಔಷಧ ಹರಿದಿದೆಯೆಂಬುದು ತಿಳಿಯುವುದಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ, ಕಿಮೋಥೆರಪಿಯೂ ಅದರಲ್ಲಿ ಸೇರಿದೆ. ರೋಗಿ ದೂರದ ಊರಿಗೆ ಅಲೆಯುವುದನ್ನು ತಪ್ಪಿಸಲು ರಾಜ್ಯ ಸರ್ಕಾರ 2025ರಲ್ಲಿ 16 ಕಡೆ, ಹೆಚ್ಚಾಗಿ ಜಿಲ್ಲಾ ಆಸ್ಪತ್ರೆಗಳಲ್ಲಿ, ದಿನದ ಮಟ್ಟಿಗೆ ದಾಖಲಾಗಿ ಕಿಮೋ ಪಡೆಯುವ ಕೇಂದ್ರಗಳನ್ನು ತೆರೆಯಿತು. ಇವು ಸ್ವಾಗತಾರ್ಹ ಕ್ರಮಗಳೇ ಆದರೂ, ಮನೆಗೆ ಒಯ್ಯುವ ಮಾತ್ರೆಗಳನ್ನು ಡ್ರಿಪ್ಪಿನಷ್ಟೇ ಮುಖ್ಯವೆಂದು ಎಣಿಸಿ, ಹೊರಗೆ ಕೊಂಡುಕೊಳ್ಳಿರೆಂದು ಹೇಳದೆ, ರೋಗಿ ಹೊರಡುವ ಮುನ್ನ ನಾಲ್ಕು ದಿನಗಳಿಗಾಗುವಷ್ಟನ್ನು ಕೈಗೆ ಕೊಟ್ಟು ಕಳುಹಿಸುವ ಪದ್ಧತಿ ಎಲ್ಲೆಡೆ ಬರಬೇಕು. ಆಂಡಾನ್‌ಸೆಟ್ರಾನ್, ಡೆಕ್ಸಾಮೆಥಸೋನ್, ಒಲಾಂಜಪೈನ್ ಮೂರನ್ನೂ ಸೇರಿಸಿದರೂ ಅದರ ಖರ್ಚು ಕಿಮೋ ಔಷಧದ ಬೆಲೆಯ ಮುಂದೆ ಗಣನೆಗೆ ಬಾರದಷ್ಟು ಸಣ್ಣದು. ರೋಗಿಗಳೂ ಅವರ ಮನೆಯವರೂ ಮುಂದಿನ ಭೇಟಿಯಲ್ಲಿ, ವೈದ್ಯರು ಕೇಳಲಿ ಬಿಡಲಿ, ಯಾವ ದಿನ ಎಷ್ಟು ಸಲ ವಾಂತಿಯಾಯಿತು, ಯಾವ ದಿನ ಊಟ ಸೇರಲಿಲ್ಲ ಎಂಬುದನ್ನು ಬರೆದುಕೊಂಡು ಹೋಗಿ ಹೇಳಬೇಕು. ಹೇಳಿದರೆ ಔಷಧವನ್ನು ಬದಲಾಯಿಸಬಹುದು, ಪ್ರಮಾಣವನ್ನು ಸರಿಪಡಿಸಬಹುದು, ಇನ್ನೊಂದನ್ನು ಸೇರಿಸಬಹುದು.